ಕೈ ನೋಯಬಾರದು, ನಾಯಿ ತಪ್ಪಿಸಿಕೊಳ್ಳಬಾರದು: ಸೂಕ್ಷ್ಮ ಕೈಯವರು ಲೀಶ್ ಆರಿಸುವುದು ಹೇಗೆ?

ಬೆಳಗ್ಗೆ ವಾಕಿಂಗ್‌ನಲ್ಲಿ ಸಿಗುವ ನಾಯಿ ಸಾಕಿದವರು ನನ್ನ ಹತ್ತಿರ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಇದು ಮೂರನೇ ಲೀಶ್ ಕಣ್ರೀ, ಇನ್ನೂ ಕೈ ಉರಿ ಹೋಗಿಲ್ಲ." ಅವರ ಕೈಯಲ್ಲಿರುವ ಲೀಶನ್ನು, ಅಂದರೆ ನಾಯಿ ಹಿಡಿಯುವ ಪಟ್ಟಿಯನ್ನು, ನೋಡಿದರೆ ಪ್ರತಿ ಸಲವೂ ಹಿಂದಿನದಕ್ಕಿಂತ ದಪ್ಪ, ಹಿಂದಿನದಕ್ಕಿಂತ ಬಿರುಸು. ತಪ್ಪು ಅಲ್ಲೇ ಆಗುತ್ತಿದೆ. ನಾಯಿಯ ತೂಕ ನೋಡಿ ಲೀಶ್ ಕೊಳ್ಳುತ್ತೇವೆ, ನಮ್ಮ ಕೈ ನೋಡಿ ಕೊಳ್ಳುವುದಿಲ್ಲ.

ನಮ್ಮ ಮನೆಯಲ್ಲಿ ಅಮ್ಮನಿಗೆ ಹೆಬ್ಬೆರಳ ಬುಡದ ಕೀಲು ಸವೆದಿದೆ. ನನಗೆ ಅಂಗೈಯಲ್ಲಿ ಇಸುಬು. ಇಬ್ಬರೂ ಸರದಿಯ ಮೇಲೆ ಓಡಾಡಿಸುವುದು ಕೆಂಚನನ್ನು, 22 ಕೆಜಿ ತೂಗುವ ನಾಟಿ ನಾಯಿ. ಅಮ್ಮನಿಗೆ ಹಿತವಾದ ಹಿಡಿ ನನ್ನ ಚರ್ಮಕ್ಕೆ ಆಗಲಿಲ್ಲ, ನನಗೆ ಆದದ್ದು ಅಮ್ಮನಿಗೆ ಆಗಲಿಲ್ಲ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಹೆಚ್ಚಿನವರು ನಾಲ್ಕನೇ ಹಂತದಿಂದ ಶುರು ಮಾಡುತ್ತಾರೆ, ಅದಕ್ಕೇ ದುಡ್ಡು ಹೋಗುತ್ತದೆ.

## ಬೇಕಾಗುವ ಸಾಮಾನು

ಹೊಲಿಗೆ ಟೇಪು. ಪ್ರಯಾಣದ ಬ್ಯಾಗ್ ತೂಗುವ ಡಿಜಿಟಲ್ ತಕ್ಕಡಿ, ಕೊಕ್ಕೆ ಇರುವಂಥದ್ದು. ಒಂದು ಬಕೆಟ್ ಮತ್ತು ಲೀಟರ್ ಅಳತೆಯ ಬಾಟಲಿ. ಒಂದು ಬಿಳಿ ಹತ್ತಿ ಬಟ್ಟೆ. ಒಂದು ಗುಂಡುಸೂಜಿ, ಒಂದು ಸಣ್ಣ ಅಯಸ್ಕಾಂತ (ಫ್ರಿಜ್ ಮೇಲೆ ಅಂಟಿಸುವುದೇ ಸಾಕು). ತಕ್ಕಡಿ ಬಿಟ್ಟರೆ ಉಳಿದದ್ದೆಲ್ಲ ಮನೆಯಲ್ಲೇ ಇರುತ್ತದೆ.

## ಹಂತ 1: ಮೊದಲು ನಿಮ್ಮ ಕೈ ನೋಡಿ

"ಕೈ ನೋವು" ಅಂದರೆ ಒಂದೇ ನೋವಲ್ಲ. ಯಾವುದು ಅಂತ ತಿಳಿಯದೆ ಲೀಶ್ ಆರಿಸಿದರೆ ಗುರಿ ತಪ್ಪುತ್ತದೆ.

ಕೀಲಿನ ನೋವು. ಕುಕ್ಕರ್ ಮುಚ್ಚಳ ತಿರುಗಿಸುವಾಗ, ಬೀಗದ ಕೈ ತಿರುವುವಾಗ ಹೆಬ್ಬೆರಳ ಬುಡ ಹಿಡಿಯುತ್ತದೆಯಾ? ಹಾಗಾದರೆ ನಿಮಗೆ ತೆಳು ಹಿಡಿ ಆಗದು. ತೆಳುವಾದದ್ದನ್ನು ಹಿಡಿಯಲು ಮುಷ್ಟಿ ಜಾಸ್ತಿ ಬಿಗಿಯಬೇಕು, ಬಿಗಿದಷ್ಟೂ ಕೀಲಿನ ಮೇಲೆ ಭಾರ. ದಪ್ಪ, ಮೆತ್ತನೆ, ದುಂಡನೆಯ ಹಿಡಿ ಬೇಕು.

ನರದ ತೊಂದರೆ. ರಾತ್ರಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆಯಾ? ಇದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಲಕ್ಷಣ ಇರಬಹುದು. ಇಂಥವರು ಲೀಶಿನ ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿಕೊಳ್ಳಲೇಬಾರದು.

ಚರ್ಮದ ತೊಂದರೆ. ಬಿರುಕು, ಇಸುಬು, ಬೇಗ ಸುಲಿಯುವ ತೆಳು ಚರ್ಮ. ಇಲ್ಲಿ ದಪ್ಪಕ್ಕಿಂತ ಮುಖ್ಯ ಮೇಲ್ಮೈ. ಒಂದು ಸಣ್ಣ ಸುಳಿವು ಹೇಳುತ್ತೇನೆ: ಅಗ್ಗದ ಓಲೆ ಹಾಕಿದರೆ ಕಿವಿ ತುರಿಸುತ್ತದೆಯಾ? ವಾಚಿನ ಬಕಲ್ ತಾಗಿದ ಜಾಗ ಕೆಂಪಾಗುತ್ತದೆಯಾ? ನಿಮಗೆ ನಿಕ್ಕಲ್ ಆಗದೇ ಇರಬಹುದು. ಹೊಳೆಯುವ ಹುಕ್ಕು, ಹಿಡಿಯ ಹತ್ತಿರದ ಬಳೆ ಇವುಗಳ ಮೇಲೆ ನಿಕ್ಕಲ್ ಲೇಪ ಇರುವುದು ಸಾಮಾನ್ಯ.

ಸ್ಪರ್ಶ ಕಮ್ಮಿ ಇರುವ ಕೈ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಹೀಗಾಗಬಹುದು. ಇವರಿಗೆ ನೋವೇ ಗೊತ್ತಾಗುವುದಿಲ್ಲ, ಗಾಯ ಆದ ಮೇಲೆ ಕಾಣುತ್ತದೆ. ಪ್ರತಿ ವಾಕಿಂಗ್ ಆದಮೇಲೂ ಅಂಗೈಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇವರಿಗೆ ಬೇಕೇಬೇಕು.

ಈಗ ಟೇಪು ತೆಗೆದುಕೊಂಡು ನಾಲ್ಕು ಬೆರಳು ಸೇರಿಸಿದ ಜಾಗದಲ್ಲಿ ಅಂಗೈ ಅಗಲ ಅಳೆದು ಬರೆದಿಡಿ. ಹಿಡಿಯ ಒಳಗಿನ ಜಾಗ ಇದಕ್ಕಿಂತ ಕನಿಷ್ಠ ಎರಡು ಸೆಂಟಿಮೀಟರ್ ಜಾಸ್ತಿ ಇರಬೇಕು. ಇಲ್ಲದಿದ್ದರೆ ಕಿರುಬೆರಳು ಮಡಚಿಕೊಂಡೇ ಇರುತ್ತದೆ.

## ಹಂತ 2: ನಾಯಿ ಎಷ್ಟು ಎಳೆಯುತ್ತದೆ, ಅಳೆಯಿರಿ

ತೂಕ ಒಂದು, ಎಳೆತ ಇನ್ನೊಂದು. 30 ಕೆಜಿಯ ಶಾಂತ ಲ್ಯಾಬ್ರಡಾರ್‌ಗಿಂತ 15 ಕೆಜಿಯ ಪುಂಡ ನಾಟಿ ನಾಯಿ ಜಾಸ್ತಿ ಎಳೆಯಬಹುದು.

ಗೇಟು ಹಾಕಿದ ಕಾಂಪೌಂಡಿನ ಒಳಗೆ ಈಗಿರುವ ಲೀಶಿನ ಹಿಡಿಯನ್ನು ತಕ್ಕಡಿಯ ಕೊಕ್ಕೆಗೆ ಹಾಕಿ, ತಕ್ಕಡಿಯನ್ನು ಹಿಡಿದುಕೊಳ್ಳಿ. ಆ ಬದಿ ಯಾರಾದರೂ ತಿಂಡಿ ತೋರಿಸಲಿ. ನೋವು ಜಾಸ್ತಿ ಇರುವವರು ಈ ಕೆಲಸ ಮನೆಯ ಬೇರೆಯವರಿಗೆ ಕೊಡಿ. ರಸ್ತೆಯಲ್ಲಿ ಮಾತ್ರ ಇದನ್ನು ಮಾಡಬೇಡಿ. ಕೆಂಚ ಸುಮ್ನೆ ನಡೆಯುವಾಗ ಎರಡು ಕೆಜಿ ತೋರಿಸುತ್ತಿದ್ದ ತಕ್ಕಡಿ, ಬಿಸ್ಕತ್ತು ಕಂಡಾಗ 14 ತೋರಿಸಿತು. ಅಮ್ಮ ದಿನಾ ಬೆಳಗ್ಗೆ ಎಷ್ಟು ಭಾರ ತಡೆಯುತ್ತಿದ್ದಳು ಅಂತ ನನಗೆ ಅರ್ಥವಾದದ್ದು ಆಗ.

ಇದು ನಿಂತಲ್ಲಿಂದ ಎಳೆಯುವ ಲೆಕ್ಕ. ಓಡಿ ಬಂದು ಜಗ್ಗುವುದು ಬೇರೆ. 22 ಕೆಜಿಯ ನಾಯಿ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಓಡುತ್ತಾ ಲೀಶ್ ಮುಗಿದಲ್ಲಿ 15 ಸೆಂಟಿಮೀಟರ್ ಒಳಗೆ ನಿಂತರೆ, ಲೆಕ್ಕದ ಪ್ರಕಾರ ಸರಾಸರಿ 187 ಕೆಜಿಯಷ್ಟು ಬಲ ಬೀಳುತ್ತದೆ. ಅದೇ ನಾಯಿ ಅರ್ಧ ಮೀಟರ್‌ನಲ್ಲಿ ನಿಧಾನಕ್ಕೆ ನಿಂತರೆ 56 ಕೆಜಿ. ನಮ್ಮ ತೋಳು ಮುಂದಕ್ಕೆ ಹೋಗುತ್ತದೆ, ಮೈ ವಾಲುತ್ತದೆ, ಹಾಗಾಗಿ ಕೈಗೆ ಪೂರ್ತಿ ಬಲ ಬರುವುದಿಲ್ಲ. ಆದರೂ ಬೆರಳು ಉಳುಕುವುದು ಇಂಥ ಕ್ಷಣದಲ್ಲೇ. ಬೀದಿನಾಯಿ ಅಡ್ಡ ಬಂದಾಗ, ದೀಪಾವಳಿಯಲ್ಲಿ ಪಟಾಕಿ ಸಿಡಿದಾಗ ಎಳೆತ ಹೀಗೇ ಇರುತ್ತದೆ.

## ಹಂತ 3: ಲೀಶ್ ಕೊಳ್ಳುವ ಮೊದಲು ಎಳೆತ ಕಮ್ಮಿ ಮಾಡಿ

ತಕ್ಕಡಿ ಹತ್ತು ಕೆಜಿ ದಾಟುತ್ತಿದ್ದರೆ ಜಗತ್ತಿನ ಯಾವ ಮೆತ್ತನೆಯ ಹಿಡಿಯೂ ನಿಮ್ಮ ಕೈ ಉಳಿಸುವುದಿಲ್ಲ. ಮೊದಲು ಎದೆಯ ಮುಂಭಾಗದಲ್ಲಿ ಬಳೆ ಇರುವ ಹಾರ್ನೆಸ್ (ಕುತ್ತಿಗೆಯ ಬೆಲ್ಟಿನ ಬದಲು ಎದೆ, ಬೆನ್ನು ಸುತ್ತಿ ಕಟ್ಟುವ ಪಟ್ಟಿ) ಹಾಕಿ. ಬೆನ್ನಿನ ಬಳೆಗೆ ಲೀಶ್ ಹಾಕಿದರೆ ನಾಯಿ ಎತ್ತಿನ ಹಾಗೆ ಎದೆ ಕೊಟ್ಟು ಎಳೆಯುತ್ತದೆ. ಎದೆಯ ಬಳೆಗೆ ಹಾಕಿದರೆ ಎಳೆದಾಗ ಅದರ ಮೈ ನಿಮ್ಮ ಕಡೆಗೇ ತಿರುಗುತ್ತದೆ, ಬಲ ಒಡೆಯುತ್ತದೆ. ಕೆಂಚನಿಗೆ ಹಾಕಿ ಮತ್ತೆ ತೂಗಿದೆ. 14 ಇದ್ದದ್ದು ಎಂಟಕ್ಕೆ ಇಳಿಯಿತು. ನಿಮ್ಮ ನಾಯಿಗೆ ಎಷ್ಟು ಇಳಿಯುತ್ತದೋ ಅಳೆದೇ ನೋಡಬೇಕು.

ಹಾರ್ನೆಸ್ ಮತ್ತು ಮೈ ನಡುವೆ ಎರಡು ಬೆರಳು ಹೋಗಬೇಕು. ಕಂಕುಳಲ್ಲಿ ಉಜ್ಜುತ್ತಿದೆಯಾ ನೋಡಿ. ಮುಧೋಳ ನಾಯಿ ಸಾಕಿದವರು ಒಂದು ಮಾತು ನೆನಪಿಡಿ: ಅವುಗಳ ತಲೆ ಸಪೂರ, ಕುತ್ತಿಗೆ ಉದ್ದ. ಸಾದಾ ಬೆಲ್ಟಿನಿಂದ ಹಿಂದಕ್ಕೆ ಸರಿದು ತಲೆ ಕಳಚಿಕೊಂಡು ಓಡಿಬಿಡುತ್ತವೆ. ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್ ಅಥವಾ ಹೊಟ್ಟೆಯ ಹಿಂದೆಯೂ ಒಂದು ಪಟ್ಟಿ ಇರುವ ಹಾರ್ನೆಸ್ ಅವಕ್ಕೆ ಸರಿ.

## ಹಂತ 4: ಯಾವುದರಿಂದ ಮಾಡಿದ್ದು?

ನೈಲಾನ್ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಗಟ್ಟಿ. ಆದರೆ ಕೈಯಲ್ಲಿ ಜಾರಿದರೆ ಚರ್ಮ ಸುಡುತ್ತದೆ, ಅಗ್ಗದ್ದರ ಅಂಚು ಗರಗಸದ ಹಾಗಿರುತ್ತದೆ. ಅಂಗಡಿಯಲ್ಲಿ ಅದನ್ನು ಮಣಿಕಟ್ಟಿನ ಒಳಭಾಗಕ್ಕೆ ಎರಡು ಸಲ ಮೆಲ್ಲಗೆ ಉಜ್ಜಿ ನೋಡಿ. ಅಂಗೈ ಒರಟಾಗಿರುತ್ತದೆ, ಅದು ನಿಜ ಹೇಳುವುದಿಲ್ಲ. ಮಣಿಕಟ್ಟು ಹೇಳುತ್ತದೆ. ಬಣ್ಣ ಬಿಡುತ್ತದೆಯಾ ನೋಡಲು ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಬೆವರಿದ ಕೈಗೂ ಹತ್ತುತ್ತದೆ.

ಹತ್ತಿ ಚರ್ಮಕ್ಕೆ ಎಲ್ಲಕ್ಕಿಂತ ಹಿತ. ಇಸುಬು ಇರುವ ನನಗೆ ಕೊನೆಗೆ ಒಗ್ಗಿದ್ದು ಇದೇ. ಆದರೆ ಒದ್ದೆ ಇಟ್ಟರೆ ಕೊಳೆಯುತ್ತದೆ, ಅದೇ ಅಗಲದ ನೈಲಾನ್‌ನಷ್ಟು ಬಲ ಇಲ್ಲ. ಹಾಗಾಗಿ ದೊಡ್ಡ ನಾಯಿಗೆ ಪೂರ್ತಿ ಹತ್ತಿಯ ಲೀಶ್ ಬೇಡ. ಪಟ್ಟಿ ನೈಲಾನ್ ಅಥವಾ ಪಾಲಿಯೆಸ್ಟರ್ ಇರಲಿ, ಹಿಡಿಗೆ ಮಾತ್ರ ಹತ್ತಿ ಹೊದಿಸಿ.

ತೊಗಲು ಹಳೆಯದಾದಷ್ಟೂ ಕೈಗೆ ಹೊಂದುತ್ತದೆ, ಒದ್ದೆಯಾದರೂ ಅಷ್ಟಾಗಿ ಜಾರುವುದಿಲ್ಲ. ಹೊಸದರಲ್ಲಿ ಬಿರುಸು, ಕೆಲವು ವಾರ ಬಳಸಿದ ಮೇಲೆ ಪಳಗುತ್ತದೆ. ಕ್ರೋಮಿಯಂ ಹಾಕಿ ಹದ ಮಾಡಿದ ತೊಗಲು ಕೆಲವರ ಚರ್ಮಕ್ಕೆ ಆಗುವುದಿಲ್ಲ. ತೊಗಟೆಯ ರಸದಲ್ಲಿ ಹದ ಮಾಡಿದ್ದು ಸಿಗುತ್ತದಾ ಕೇಳಿ. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಕಷ್ಟ ಇದೆ. ಮಳೆಗಾಲದಲ್ಲಿ ತೊಗಲಿಗೆ ಬೂಷ್ಟು ಬರುತ್ತದೆ. ನೆರಳಲ್ಲಿ ಒಣಗಿಸಿ ಗಾಳಿಯಾಡುವಲ್ಲಿ ನೇತುಹಾಕಲು ಆಗದಿದ್ದರೆ ತೊಗಲು ಬಿಟ್ಟುಬಿಡಿ.

ಪ್ಲಾಸ್ಟಿಕ್ ಲೇಪದ ಪಾಲಿಯೆಸ್ಟರ್ ಪಟ್ಟಿ, ಬಯೋಥೇನ್ ಅಂತ ಮಾರುತ್ತಾರೆ. ನೀರು ಹೀರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಧೂಳು, ಜೊಲ್ಲು ಕೂತುಕೊಳ್ಳದ ಕಾರಣ ಚರ್ಮದ ತೊಂದರೆಯವರಿಗೆ ಒಳ್ಳೆಯದು. ನುಣುಪಾದದ್ದು ಮಳೆಯಲ್ಲಿ ಜಾರುತ್ತದೆ, ಮಂಕು ಮೇಲ್ಮೈಯದ್ದನ್ನೇ ಆರಿಸಿ.

ಸರಪಳಿ ಬೇಡ. ನಾಯಿ ಕಚ್ಚಿ ತುಂಡು ಮಾಡುವುದಿಲ್ಲ ಅಂತ ಬಹಳ ಮನೆಗಳಲ್ಲಿ ಚೈನೇ ಬಳಸುತ್ತಾರೆ. ಜಗ್ಗಿದಾಗ ಅದರ ಕೊಂಡಿಗಳ ನಡುವೆ ಬೆರಳಿನ ಚರ್ಮ ಸಿಕ್ಕಿಕೊಳ್ಳುತ್ತದೆ, ಬಿಸಿಲಲ್ಲಿ ಕಾಯುತ್ತದೆ.

ಗುಂಡಿ ಒತ್ತಿದರೆ ಉದ್ದವಾಗುವ, ಡಬ್ಬಿಯೊಳಗೆ ಸುತ್ತಿಕೊಳ್ಳುವ ತೆಳು ದಾರದ ಲೀಶ್ ಅಂತೂ ಖಂಡಿತ ಬೇಡ. ಡಬ್ಬಿಯ ಹಿಡಿ ದಪ್ಪಗಿರುವುದರಿಂದ ಕೈಗೆ ಹಿತ ಅನಿಸುತ್ತದೆ, ಅದಕ್ಕೇ ಕೀಲು ನೋವಿನವರು ಅದಕ್ಕೆ ಮರುಳಾಗುತ್ತಾರೆ. ಆದರೆ ಗಾಬರಿಯಲ್ಲಿ ಆ ದಾರವನ್ನು ಬರಿಗೈಯಲ್ಲಿ ಹಿಡಿದವರ ಬೆರಳು ಆಳವಾಗಿ ಕೊಯ್ದಿದೆ, ತುಂಡಾದದ್ದೂ ಇದೆ.

## ಹಂತ 5: ಅಗಲ, ಅಂಚು, ಉದ್ದ

ಒಂದೇ ಬಲ ಕಿರಿದಾದ ಜಾಗಕ್ಕೆ ಬಿದ್ದರೆ ಕೊಯ್ಯುತ್ತದೆ, ಅಗಲ ಜಾಗಕ್ಕೆ ಬಿದ್ದರೆ ಒತ್ತುತ್ತದೆ ಅಷ್ಟೆ. ತರಕಾರಿ ತುಂಬಿದ ಪ್ಲಾಸ್ಟಿಕ್ ಕವರ್ ಮತ್ತು ಬಟ್ಟೆ ಚೀಲ ಹಿಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಹತ್ತು ಕೆಜಿ ಒಳಗಿನ ನಾಯಿಗೆ 15 ಮಿಲಿಮೀಟರ್ ಅಗಲ, ಅದಕ್ಕಿಂತ ದೊಡ್ಡದಕ್ಕೆ 20ರಿಂದ 25 ಮಿಲಿಮೀಟರ್ ಸಾಕು. 25 ದಾಟಿದರೆ ಪಟ್ಟಿ ಅಂಗೈಯಲ್ಲಿ ಮಡಚಿ ಅದರ ಅಂಚೇ ಚುಚ್ಚಲು ಶುರು ಮಾಡುತ್ತದೆ. ಚಿಕ್ಕ ಕೈಯವರಿಗೆ 20ರ ಪಟ್ಟಿಗೆ ಮೆತ್ತನೆ ಹಿಡಿ ಸೇರಿಸುವುದೇ ಒಳ್ಳೆಯದು. ದುಂಡು ಹಗ್ಗ ಇಷ್ಟಪಡುವವರು 10ರಿಂದ 12 ಮಿಲಿಮೀಟರ್ ದಪ್ಪದ, ಹೊರಗಿನ ಹೆಣಿಗೆ ನಯವಾಗಿರುವ ಹಗ್ಗ ನೋಡಿ. ಅದಕ್ಕೆ ಅಂಚೇ ಇಲ್ಲದಿರುವುದು ದೊಡ್ಡ ಅನುಕೂಲ.

ಉದ್ದ ನಾಲ್ಕರಿಂದ ಐದು ಅಡಿ. ನಮ್ಮ ರಸ್ತೆಗಳಲ್ಲಿ ಆರು ಅಡಿ ಜಾಸ್ತಿ ಆಯಿತು. ಉದ್ದವಿದ್ದಷ್ಟೂ ನಾಯಿಗೆ ಓಡಿ ವೇಗ ಪಡೆಯಲು ಜಾಗ ಸಿಗುತ್ತದೆ, ಉಳಿದದ್ದನ್ನು ನೀವು ಕೈಗೆ ಸುತ್ತಿಕೊಳ್ಳುತ್ತೀರಿ. ಆ ಎರಡೂ ಅಪಾಯ.

## ಹಂತ 6: ಹಿಡಿ

ಕೈ ಮುಟ್ಟುವುದು ಕೊನೆಯ ಒಂದು ಗೇಣು ಮಾತ್ರ. ಈ ಒಂದು ಗೇಣಿಗೆ ಹೊತ್ತು ಕೊಡಿ.

ಹಿಡಿಯನ್ನು ಬಕೆಟ್ ಹಿಡಿದಂತೆ ಹಿಡಿದು ನೋಡಿ. ಬೆರಳ ತುದಿ ಅಂಗೈಗೆ ಚುಚ್ಚಿದರೆ ತೆಳುವಾಯಿತು. ಬೆರಳು ಸುತ್ತ ಬರದೆ ಅಗಲವಾಗಿ ನಿಂತರೆ ದಪ್ಪವಾಯಿತು. ಒಳಗಿನ ಹೊಲಿಗೆಯ ಗಂಟು ಬೆರಳಿಗೆ ಸಿಗುತ್ತದೆಯಾ ಸವರಿ ನೋಡಿ. ಎಷ್ಟೋ ಮೆತ್ತನೆ ಹಿಡಿಗಳ ಒಳಗೆ ಸರಿಯಾಗಿ ಕಿರುಬೆರಳ ಕೆಳಗೆ ಬಿರುಸು ಹೊಲಿಗೆ ಇರುತ್ತದೆ.

ಅಂಗಡಿಯಲ್ಲಿ "ಫೋಮ್" ಅಂತ ಕೊಡುವ ಮೆತ್ತನೆಯ ಒಳಪದರ ಬಹಳ ಸಲ ನಿಯೋಪ್ರೀನ್, ಅಂದರೆ ಒಂದು ಬಗೆಯ ರಬ್ಬರು. ಅಮ್ಮನಿಗೆ ಅದು ಹೂವಿನ ಹಾಗಿತ್ತು. ನನ್ನ ಕೈ ಎರಡೇ ದಿನದಲ್ಲಿ ಕೆಂಪಾಗಿ ತುರಿಸಿತು. ರಬ್ಬರ್ ತಯಾರಿಯಲ್ಲಿ ಬಳಸುವ ರಾಸಾಯನಿಕಗಳು ಕೆಲವರಿಗೆ ಅಲರ್ಜಿ ತರುತ್ತವೆ. ಹಿಡಿಯನ್ನು ಅರ್ಧ ಗಂಟೆ ಕೈಯಲ್ಲಿ ಹಿಡಿದು ಟಿವಿ ನೋಡಿ, ಮಾರನೇ ದಿನವೂ ಹಾಗೇ ಮಾಡಿ. ಈ ತುರಿಕೆ ಒಂದೆರಡು ದಿನ ಬಿಟ್ಟೂ ಬರಬಹುದು. ಬೆಲೆ ಚೀಟಿ ಅಲ್ಲಿಯವರೆಗೆ ಕೀಳಬೇಡಿ.

ಇರುವ ಲೀಶೇ ಗಟ್ಟಿಯಾಗಿದ್ದು ಹಿಡಿ ಮಾತ್ರ ಸರಿಯಿಲ್ಲವಾ? ಹೊಸದು ಕೊಳ್ಳಬೇಕಿಲ್ಲ. ಬ್ಯಾಡ್ಮಿಂಟನ್ ರ‍್ಯಾಕೆಟ್‌ಗೆ ಸುತ್ತುವ ಗ್ರಿಪ್ ಟೇಪನ್ನು ಅರ್ಧರ್ಧ ಮೇಲೆ ಬರುವಂತೆ ಸುತ್ತಿ. ಚರ್ಮಕ್ಕೆ ಅದೂ ಆಗದಿದ್ದರೆ ಅಮ್ಮನ ಹಳೇ ಕಾಟನ್ ಸೀರೆಯಿಂದ ಮೂರು ಬೆರಳ ಅಗಲದ ಪಟ್ಟಿ ಹರಿದು ಬಿಗಿಯಾಗಿ ಸುತ್ತಿ, ತುದಿಯನ್ನು ಸೂಜಿ ದಾರದಿಂದ ಹೊಲಿದುಬಿಡಿ. ಗಂಟು ಹಾಕಬೇಡಿ, ಗಂಟು ಒತ್ತುತ್ತದೆ. ನನ್ನ ಲೀಶಿನ ಹಿಡಿ ಈಗ ಇರುವುದು ಹೀಗೇ. ವಾರಕ್ಕೊಮ್ಮೆ ಬಿಚ್ಚಿ ಒಗೆದು ಸುತ್ತುತ್ತೇನೆ.

ಹುಕ್ಕಿನಿಂದ ಒಂದೂವರೆ ಅಡಿ ದೂರದಲ್ಲಿ ಎರಡನೇ ಹಿಡಿ ಇರುವ ಲೀಶ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಬೀದಿನಾಯಿ ಎದುರಾದಾಗ ಪಟ್ಟಿಯನ್ನು ಕೈಗೆ ಸುತ್ತುವ ಬದಲು ಅದನ್ನು ಹಿಡಿಯಬಹುದು.

## ಹಂತ 7: ಹುಕ್ಕು ಮತ್ತು ಹೊಲಿಗೆ

ಲೀಶ್ ತುಂಡಾಯಿತು ಅಂತ ಹೇಳುವವರ ಲೀಶ್ ನೋಡಿ. ಪಟ್ಟಿ ಸಾಮಾನ್ಯವಾಗಿ ಹಾಗೇ ಇರುತ್ತದೆ. ಹೋಗುವುದು ಹುಕ್ಕು, ಇಲ್ಲವೇ ಹೊಲಿಗೆ.

ಒಂದು ದೀಪಾವಳಿ ಸಂಜೆ ಪಕ್ಕದ ರಸ್ತೆಯಲ್ಲಿ ಲಕ್ಷ್ಮಿ ಪಟಾಕಿ ಸಿಡಿಯಿತು. ಕೆಂಚ ಜಗ್ಗಿದ. ಟಕ್ ಅಂತ ಶಬ್ದ, ಅಮ್ಮನ ಕೈಯಲ್ಲಿ ಬರೀ ಪಟ್ಟಿ. ಅವನು ಸಿಕ್ಕಿದ್ದು ರಾತ್ರಿ ಹನ್ನೊಂದಕ್ಕೆ, ನಾಲ್ಕು ಬೀದಿ ಆಚೆ ಒಂದು ಲಾರಿಯ ಕೆಳಗೆ, ನಡುಗುತ್ತಾ. ಮುರಿದ ಹುಕ್ಕನ್ನು ಬೆಳಗ್ಗೆ ನೋಡಿದೆ. ಹೊರಗೆ ಬಂಗಾರದ ಹೊಳಪು. ಮುರಿದ ಜಾಗದಲ್ಲಿ ಬೂದು ಬಣ್ಣ, ಸಕ್ಕರೆ ಹರಳಿನ ಹಾಗೆ ಕಾಳು ಕಾಳು. ಅದು ಹಿತ್ತಾಳೆ ಅಲ್ಲ, ಅಚ್ಚಿಗೆ ಹೊಯ್ದ ಸತುವಿನ ಮಿಶ್ರಲೋಹಕ್ಕೆ ಬಣ್ಣ ಕೊಟ್ಟದ್ದು. ಇಂಥದ್ದು ಬಾಗುವುದಿಲ್ಲ, ಮುನ್ಸೂಚನೆ ಕೊಡದೆ ಮುರಿಯುತ್ತದೆ.

ಪತ್ತೆ ಹಚ್ಚುವುದು ಹೀಗೆ. ಕೊಂಡ ಮೇಲೆ ಹುಕ್ಕಿನ ಒಳಬದಿ, ಕಾಣದ ಜಾಗದಲ್ಲಿ ಗುಂಡುಸೂಜಿಯಿಂದ ಗೀರಿ. ಅಪ್ಪಟ ಹಿತ್ತಾಳೆ ಒಳಗೂ ಹಳದಿ. ಸತುವಾದರೆ ಬೂದು ಕಾಣುತ್ತದೆ. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಅದು ಲೇಪ ಕೊಟ್ಟ ಕಬ್ಬಿಣ ಇರಬಹುದು, ಲೇಪ ಹೋದರೆ ತುಕ್ಕು. ಆದರೆ ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯದು ಅಂತ ಅಲ್ಲ, ಸತುವನ್ನೂ ಅದು ಹಿಡಿಯುವುದಿಲ್ಲ. ಅಪ್ಪಟ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಹುಕ್ಕು ಕೇಳಿ ತೆಗೆದುಕೊಳ್ಳಿ. ಹುಕ್ಕು ತನ್ನ ಬುಡದಲ್ಲಿ ಸರಾಗವಾಗಿ ಸುತ್ತಬೇಕು, ಇಲ್ಲದಿದ್ದರೆ ಪಟ್ಟಿ ತಿರುಚಿ ಕೈಯನ್ನೂ ತಿರುಚುತ್ತದೆ.

ಕೀಲು ನೋವಿನವರು ಹುಕ್ಕನ್ನು ತಾವೇ ಹತ್ತು ಸಲ ತೆಗೆದು ಹಾಕಿ ನೋಡಬೇಕು. ಸಣ್ಣ ಗುಂಡಿಯನ್ನು ಹೆಬ್ಬೆರಳ ಉಗುರಿನಿಂದ ಕೆಳಗೆಳೆಯುವ ಹುಕ್ಕು ಅಮ್ಮನಿಗೆ ಆಗುವುದೇ ಇಲ್ಲ. ಅಗಲವಾದ ಸನ್ನೆ (ಒತ್ತುವ ಪಟ್ಟಿ) ಇರುವ ಹುಕ್ಕನ್ನು ಅವಳು ಅಂಗೈಯಿಂದ ಒತ್ತಿ ತೆಗೆಯುತ್ತಾಳೆ.

ಹೊಲಿಗೆಗೆ ಬನ್ನಿ. ಪಟ್ಟಿ ಮಡಚಿದ ಜಾಗದಲ್ಲಿ ಚೌಕ, ಅದರೊಳಗೆ ಗುಣಿಸು ಗುರುತು ಇರಬೇಕು, ಎರಡೂ ಬದಿಯಿಂದ ದಾರ ಬಿಗಿಯಾಗಿರಬೇಕು. ಒಂದೇ ಅಡ್ಡ ಗೆರೆ ಇದ್ದರೆ ಬಿಟ್ಟುಬಿಡಿ. ತೊಗಲಿನ ಲೀಶಿಗೆ ಬರೀ ರಿವೆಟ್ ಸಾಲದು, ಹೊಲಿಗೆಯೂ ಬೇಕು. ಸಡಿಲವಾದದ್ದನ್ನು ಬ್ಯಾಗ್ ರಿಪೇರಿ ಮಾಡುವವರು ಹೊಲಿದು ಕೊಡುತ್ತಾರೆ, ಪಾಲಿಯೆಸ್ಟರ್ ದಾರದಲ್ಲೇ ಹಾಕಲು ಹೇಳಿ.

## ಹಂತ 8: ಬಕೆಟ್ ಪರೀಕ್ಷೆ

ಹಂತ 3 ಆದಮೇಲೆ ತಕ್ಕಡಿ ಎಷ್ಟು ತೋರಿಸಿತೋ ಅದರ ಅರ್ಧದಷ್ಟು ಲೀಟರ್ ನೀರನ್ನು ಬಕೆಟ್‌ಗೆ ಹಾಕಿ. ಎಂಟು ಕೆಜಿ ಇದ್ದರೆ ನಾಲ್ಕು ಲೀಟರ್. ಲೀಶಿನ ಹುಕ್ಕನ್ನು ಬಕೆಟ್ ಹಿಡಿಗೆ ಹಾಕಿ, ಲೀಶಿನ ಹಿಡಿಯಿಂದ ಬಕೆಟ್ ಎತ್ತಿ ಒಂದು ನಿಮಿಷ ನಿಲ್ಲಿ. ಇಳಿಸಿ, ಅಂಗೈ ನೋಡಿ.

ಒತ್ತಿದ ಗುರುತು ಐದು ನಿಮಿಷದಲ್ಲಿ ಮಾಯವಾದರೆ ಸರಿ. ಕೆಂಪು ಗೆರೆ ಅರ್ಧ ಗಂಟೆಯಾದರೂ ಉಳಿದರೆ ಅಂಚು ಬಿರುಸು. ನಿಮಿಷದೊಳಗೆ ಜೋಮು ಬಂದರೆ ಹಿಡಿ ನಿಮ್ಮದಲ್ಲ. ನೋವು ಬಂದ ತಕ್ಷಣ ಇಳಿಸಿಬಿಡಿ, ನಿಮಿಷ ಮುಗಿಸಲೇಬೇಕು ಅಂತ ಹಟ ಬೇಡ.

ಬಲದ ಪರೀಕ್ಷೆ ಬೇರೆ. ಹುಕ್ಕನ್ನು ಗಟ್ಟಿ ಕಿಟಕಿ ಸರಳಿಗೆ ಹಾಕಿ, ಮನೆಯ ಗಟ್ಟಿಮುಟ್ಟಾದವರೊಬ್ಬರು ಮುಖ ಪಕ್ಕಕ್ಕೆ ತಿರುಗಿಸಿ ಮೈಭಾರ ಹಾಕಿ ಹತ್ತು ಸಲ ಎಳೆಯಲಿ. ಆಮೇಲೆ ಹೊಲಿಗೆ, ಹುಕ್ಕಿನ ಬಾಯಿ ನೋಡಿ. ದಾರ ಅಲುಗಿದ್ದರೆ, ಬಾಯಿ ಪೂರ್ತಿ ಮುಚ್ಚದಿದ್ದರೆ ಅಂಗಡಿಗೆ ವಾಪಸ್.

## ಹಂತ 9: ಹಿಡಿಯುವ ರೀತಿ

ಲೀಶನ್ನು ಬೆರಳಿಗೆ, ಮುಂಗೈಗೆ ಎಂದೂ ಸುತ್ತಬೇಡಿ. ಹೆಬ್ಬೆರಳಿಗೆ ಕುಣಿಕೆ ಹಾಕಿ ಮುಷ್ಟಿ ಕಟ್ಟಿ ಅಂತ ಹಲವರು ಹೇಳಿಕೊಡುತ್ತಾರೆ. ಆರೋಗ್ಯವಾದ ಕೈಗೆ ಅದು ಸರಿ, ಹೆಬ್ಬೆರಳ ಕೀಲು ನೋಯುವವರಿಗೆ ಅದೇ ವಿಷ. ಹಿಡಿಯನ್ನು ನಾಲ್ಕು ಬೆರಳಲ್ಲಿ ಹಿಡಿದು ಕೈಯನ್ನು ಹೊಕ್ಕುಳ ಹತ್ತಿರ ಇಟ್ಟುಕೊಳ್ಳಿ, ಇನ್ನೊಂದು ಕೈ ಪಟ್ಟಿಯ ಮಧ್ಯದಲ್ಲಿ ಸಡಿಲವಾಗಿರಲಿ. ಆಗ ಎಳೆತ ಬೆರಳಿಗಿಂತ ತೋಳಿಗೆ, ಮೈಗೆ ಹಂಚಿಹೋಗುತ್ತದೆ.

ಸೊಂಟಕ್ಕೆ ಕಟ್ಟುವ ಲೀಶ್ ಕೈಗೆ ಪೂರ್ತಿ ಬಿಡುವು ಕೊಡುತ್ತದೆ. ಆದರೆ ವಯಸ್ಸಾದವರಿಗೆ, ಮೂಳೆ ಸವೆದವರಿಗೆ, ಜಗ್ಗುವ ನಾಯಿಗೆ ಬೇಡ. ಕೈ ಉಳಿಸಲು ಹೋಗಿ ಸೊಂಟ ಮುರಿದುಕೊಳ್ಳಬಾರದು.

ಮಧ್ಯದಲ್ಲಿ ರಬ್ಬರಿನಂತೆ ಹಿಗ್ಗುವ ತುಂಡು ಇರುವ ಲೀಶ್ ಹಠಾತ್ ಜಗ್ಗುವ ನಾಯಿಗೆ ಉಪಯೋಗ, ನಿಲ್ಲುವ ದೂರ ಜಾಸ್ತಿಯಾಗುತ್ತದೆ. ಒಂದೇ ಸಮ ಎಳೆಯುವ ನಾಯಿಗೆ ಏನೂ ಪ್ರಯೋಜನ ಇಲ್ಲ. ಹಿಗ್ಗುವ ತುಂಡಿನೊಳಗೆ ಹಿಗ್ಗದ ಪಟ್ಟಿಯೂ ಇದೆಯಾ ಎಳೆದು ನೋಡಿಯೇ ಕೊಳ್ಳಿ.

## ಹಂತ 10: ಯಾವಾಗ ಬದಲಿಸಬೇಕು, ಯಾವಾಗ ಡಾಕ್ಟರ ಹತ್ತಿರ ಹೋಗಬೇಕು

ತಿಂಗಳಿಗೊಮ್ಮೆ ಹಗಲ ಬೆಳಕಲ್ಲಿ ಲೀಶನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸವರಿ. ಪಟ್ಟಿಯ ಅಂಚಿನಲ್ಲಿ ನಾರು ಎದ್ದಿದೆಯಾ, ಬಿಸಿಲಿಗೆ ಬಣ್ಣ ಮಾಸಿ ಬಿರುಸಾಗಿದೆಯಾ, ಹಲ್ಲಿನ ಗುರುತಿದೆಯಾ, ಹುಕ್ಕಿನ ಸ್ಪ್ರಿಂಗ್ ಸೋತಿದೆಯಾ, ಬಳೆ ಉಜ್ಜಿ ಹುಕ್ಕಿನ ಒಳಗೆ ಗುಳಿ ಬಿದ್ದಿದೆಯಾ ನೋಡಿ. ಒಂದು ಕಂಡರೂ ರಸ್ತೆಗೆ ಆ ಲೀಶ್ ಬೇಡ. ಪಟಾಕಿ ಹಬ್ಬಗಳ ಹಿಂದಿನ ದಿನ ಇನ್ನೊಮ್ಮೆ ನೋಡಿ. ಆ ಸಂಜೆಗಳಲ್ಲಿ ಹಾರ್ನೆಸ್‌ಗೆ ಒಂದು, ಬೆಲ್ಟಿಗೆ ಒಂದು, ಹೀಗೆ ಎರಡು ಹುಕ್ಕಿನ ಲೀಶ್ ಹಾಕಿ, ಬೆಳಕಿರುವಾಗಲೇ ಓಡಾಡಿಸಿ ಬನ್ನಿ.

ಕೈಯ ವಿಷಯ: ವಾಕಿಂಗ್ ಮುಗಿದು ಎರಡು ಗಂಟೆಯಾದರೂ ನೋವು ಇಳಿಯದಿದ್ದರೆ, ಬೆರಳು ಮಡಚಿ ಬಿಡಿಸುವಾಗ ಸಿಕ್ಕಿಕೊಂಡಂತೆ ಆದರೆ, ಲೋಟ ಕೈಜಾರಿ ಬೀಳತೊಡಗಿದರೆ, ಲೀಶ್ ಬದಲಿಸುತ್ತಾ ಕೂರಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ. ಜಗ್ಗಿದ ಮೇಲೆ ಬೆರಳು ಊದಿ ನೇರವಾಗದಿದ್ದರೆ ಅದೇ ದಿನ ಹೋಗಿ. ಚರ್ಮ ಒಡೆದ ಕೈಯಲ್ಲಿ ಲೀಶ್ ಹಿಡಿಯುವಂತಿದ್ದರೆ ಒಳಗೆ ತೆಳು ಹತ್ತಿ ಕೈಗವಸು, ಮೇಲೆ ಸೈಕಲ್ ಸವಾರರ ಅರ್ಧ ಬೆರಳಿನ ಗ್ಲೌಸ್ ಹಾಕಿ. ಹತ್ತಿಯದ್ದನ್ನು ಪ್ರತಿ ದಿನ ಒಗೆಯಿರಿ.

ಅಮ್ಮನ ಲೀಶು ಈಗ 20 ಮಿಲಿಮೀಟರ್ ನೈಲಾನ್, ದಪ್ಪ ನಿಯೋಪ್ರೀನ್ ಹಿಡಿ, ಅಗಲ ಸನ್ನೆಯ ಸ್ಟೀಲ್ ಹುಕ್ಕು. ನನ್ನದು ಪಾಲಿಯೆಸ್ಟರ್ ಪಟ್ಟಿಗೆ ಸೀರೆ ಸುತ್ತಿದ್ದು, ಹಿತ್ತಾಳೆ ಹುಕ್ಕು. ಬಾಗಿಲ ಹಿಂದೆ ಎರಡು ಮೊಳೆಗೆ ಬೇರೆ ಬೇರೆ ತೂಗುಹಾಕಿದ್ದೇವೆ, ಅವಸರದಲ್ಲಿ ಅದಲುಬದಲಾಗಬಾರದು ಅಂತ.